ಅದೇ ಫೋಟೊವನ್ನು ಮತ್ತೊಮ್ಮೆ ತೆಗೆಯಿರಿ

ಅಜ್ಜಿ ಬಾಗಿಲ ಬಳಿ ಕುಳಿತು ಸೂಜಿಗೆ ದಾರ ಪೋಣಿಸುತ್ತಿದ್ದರು. ಒಂದು ಕಣ್ಣು ಕಿರಿದಾಗಿತ್ತು, ತುಟಿ ಬಿಗಿದಿತ್ತು, ದಾರದ ತುದಿ ಸೂಜಿಯ ಕಣ್ಣಿನ ಎದುರಿಗೇ ಇತ್ತು. ಆ ಗಳಿಗೆಯನ್ನು ಹಿಡಿದೆ. ಚೆನ್ನಾಗಿ ಬಂದಿದೆ ಎಂಬ ಸಂತೋಷದಲ್ಲಿ ಗೆಳೆಯನಿಗೆ ತೋರಿಸಿದೆ. ಅವನು ಸ್ವಲ್ಪ ಹೊತ್ತು ನೋಡಿ, ‘ಹಿಂದೆ ನೇತುಹಾಕಿರುವ ಬಿಳಿ ಟವೆಲ್ ಮೊದಲು ಕಾಣಿಸಿತು’ ಎಂದ. ಆ ಟವೆಲನ್ನು ನಾನು ಗಮನಿಸಿಯೇ ಇರಲಿಲ್ಲ. ದಾರ ಕಾಣಿಸಿತೇ ಎಂದು ಕೇಳಿದೆ. ಯಾವ ದಾರ ಎಂದ. ಬಿಳಿ ದಾರ, ಹಿಂದೆ ಸುಣ್ಣ ಬಳಿದ ಗೋಡೆ; ಕಾಣಿಸುವುದಾದರೂ ಹೇಗೆ?

ಮರುದಿನ ಅದೇ ಹೊತ್ತಿಗೆ ಅಜ್ಜಿಯನ್ನು ಅಲ್ಲೇ ಕೂರಿಸಿ, ನಾನು ಎರಡು ಹೆಜ್ಜೆ ಎಡಕ್ಕೆ ಸರಿದು ನಿಂತೆ. ಅವರ ಬೆನ್ನ ಹಿಂದೆ ಗೋಡೆಯ ಬದಲು ಒಳಕೋಣೆಯ ಕತ್ತಲು ಬಂತು. ಟವೆಲ್ ಚೌಕಟ್ಟಿನಿಂದ ಹೊರಗುಳಿಯಿತು. ಬಾಗಿಲ ಬೆಳಕು ಬಿದ್ದ ದಾರ ಸಣ್ಣ ಗೆರೆಯಾಗಿ ಎದ್ದು ಕಂಡಿತು.

ಕಂಪೋಸಿಷನ್, ಅಂದರೆ ಸಂಯೋಜನೆ, ಎಂದರೆ ಚೌಕಟ್ಟಿನೊಳಗೆ ಯಾವುದು ಇರಬೇಕು, ಯಾವುದು ಇರಬಾರದು, ಇರುವುದು ಎಲ್ಲಿರಬೇಕು ಎಂಬ ತೀರ್ಮಾನ. ಅದರ ಬಗ್ಗೆ ಆ ವೇಳೆಗೆ ಸಾಕಷ್ಟು ಓದಿಕೊಂಡಿದ್ದೆ. ಆ ಎರಡು ಹೆಜ್ಜೆ ಕಲಿಸಿದಷ್ಟನ್ನು ಯಾವ ಓದೂ ಕಲಿಸಿರಲಿಲ್ಲ. ಹಾಗಾಗಿ ಯಾರೇ ಕೇಳಿದರೂ ನಾನು ಹೇಳುವ ದಾರಿ ಇಷ್ಟೇ: ಚಿಕ್ಕದೊಂದು ಅಭ್ಯಾಸ ಹಾಕಿಕೊಳ್ಳಿ, ಫಲವನ್ನು ಇನ್ನೊಬ್ಬರ ಕಣ್ಣಿಗೆ ಒಡ್ಡಿ, ಅವರು ಹೇಳಿದ್ದನ್ನು ಕೇಳಿಸಿಕೊಂಡು ಅದೇ ಫೋಟೊವನ್ನು ಮತ್ತೆ ತೆಗೆಯಿರಿ. ಹೆಚ್ಚಿನವರು ಕೈಬಿಡುವುದು ಈ ಕೊನೆಯದನ್ನೇ. ಅದಿಲ್ಲದೆ ಮೊದಲಿನ ಎರಡೂ ಅರ್ಧಕ್ಕೇ ನಿಲ್ಲುತ್ತವೆ.

ಜೂಮ್ ಬೇಡ, ಕಾಲಿದೆ

ಕ್ಯಾಮೆರಾ ಯಾವುದಾದರೂ ಆದೀತು, ಮೊಬೈಲ್ ಸಾಕು. ಆದರೆ ಅಭ್ಯಾಸ ಮುಗಿಯುವ ತನಕ ಜೂಮ್ ಮುಟ್ಟಬೇಡಿ. ನಿಂತಲ್ಲೇ ಜೂಮ್ ಮಾಡಿದರೆ ಇದ್ದ ದೃಶ್ಯವೇ ಹಿಗ್ಗಿ ಅಂಚುಗಳು ಕತ್ತರಿಸಿಹೋಗುತ್ತವೆ, ವಸ್ತುವಿಗೂ ಅದರ ಹಿನ್ನೆಲೆಗೂ ಇರುವ ನಂಟು ಬದಲಾಗುವುದಿಲ್ಲ. ನಡೆದು ಹತ್ತಿರ ಹೋದರೆ ಮುಂದಿರುವುದು ಬೇಗ ದೊಡ್ಡದಾಗುತ್ತದೆ, ದೂರದಲ್ಲಿರುವುದು ಹೆಚ್ಚುಕಡಿಮೆ ಇದ್ದಷ್ಟೇ ಉಳಿಯುತ್ತದೆ. ಮಂಡಿಯೂರಿದರೆ ನೆಲ ಮಾಯವಾಗಿ ಆಕಾಶ ಹಿನ್ನೆಲೆಯಾಗುತ್ತದೆ. ಈ ಬದಲಾವಣೆಗಳೇ ಸಂಯೋಜನೆಯ ಜೀವಾಳ. ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೆ ಬ್ರೆಸ್ಸಾನ್ ತಮ್ಮ ಬಹುಪಾಲು ಕೆಲಸವನ್ನು ಜೂಮ್ ಇಲ್ಲದ 50 ಮಿ.ಮೀ. ಲೆನ್ಸ್ ಒಂದರಲ್ಲೇ ಮಾಡಿದರು.

ತೆರೆಯ ಮೇಲೆ ಗ್ರಿಡ್, ಅಂದರೆ ಅಡ್ಡ ಉದ್ದ ಗೆರೆಗಳ ಜಾಲ, ಹಾಕಿಕೊಳ್ಳಲು ಅಡ್ಡಿಯಿಲ್ಲ. ದಿಗಂತದ ಗೆರೆ ಓರೆಯಾಗದಂತೆ ನೋಡಿಕೊಳ್ಳಲು ಅದು ನೆರವಾಗುತ್ತದೆ. ಚೌಕಟ್ಟನ್ನು ಅಡ್ಡಕ್ಕೂ ಉದ್ದಕ್ಕೂ ಮೂರು ಪಾಲು ಮಾಡಿ, ಗೆರೆಗಳು ಕೂಡುವಲ್ಲಿ ಮುಖ್ಯ ವಸ್ತುವನ್ನು ಇಡುವ ನಿಯಮ ಮಾತ್ರ ಸದ್ಯಕ್ಕೆ ಬೇಡ. ‘ಮೂರನೇ ಒಂದು’ ಎಂಬ ನಿಯಮವನ್ನು ಜಾನ್ ಥಾಮಸ್ ಸ್ಮಿತ್ ಎಂಬ ಇಂಗ್ಲಿಷ್ ಕಲಾವಿದ 1797ರಲ್ಲೇ, ಫೋಟೊಗ್ರಫಿ ಬರುವುದಕ್ಕೂ ಮೊದಲು, ಭೂದೃಶ್ಯ ಚಿತ್ರಗಳ ಬಗ್ಗೆ ಬರೆಯುತ್ತಾ ಹೇಳಿದ್ದ. ಉಪಯುಕ್ತ ನಿಯಮವೇ ಸರಿ. ಆದರೆ ಅದರಿಂದಲೇ ಶುರುಮಾಡಿದವರು ವಸ್ತುವನ್ನು ಗೆರೆಯ ಮೇಲೆ ಕೂರಿಸಿ, ಉಳಿದ ಜಾಗವನ್ನು ನೋಡುವುದನ್ನೇ ಮರೆಯುತ್ತಾರೆ.

ಮೊದಲ ಅಭ್ಯಾಸ: ಒಂದು ಕುರ್ಚಿ, 36 ಚಿತ್ರ

ಕಿಟಕಿಯ ಪಕ್ಕ ಒಂದು ಕುರ್ಚಿ ಇಡಿ. ಒಂದೇ ಸಲಕ್ಕೆ 36 ಫೋಟೊ ತೆಗೆಯಿರಿ, ಒಂದು ಇನ್ನೊಂದರಂತೆ ಇರಕೂಡದು. 36 ಏಕೆಂದರೆ ಹಳೆಯ 35 ಮಿ.ಮೀ. ಫಿಲ್ಮ್ ರೋಲಿನಲ್ಲಿ ಸಾಮಾನ್ಯವಾಗಿ ಅಷ್ಟು ಚಿತ್ರ ಹಿಡಿಯುತ್ತಿತ್ತು. ಅಭ್ಯಾಸಕ್ಕೂ ಅದು ಹದವಾದ ಸಂಖ್ಯೆ.

ಮೊದಲ ಹತ್ತು ಚಿತ್ರ ಸಲೀಸಾಗಿ ಬರುತ್ತವೆ: ಎದುರಿನಿಂದ, ಪಕ್ಕದಿಂದ, ಮೇಲಿನಿಂದ. ಹದಿನೈದರ ಹೊತ್ತಿಗೆ ಇನ್ನೇನೂ ಉಳಿದಿಲ್ಲ ಅನ್ನಿಸುತ್ತದೆ. ಅಲ್ಲಿ ನಿಲ್ಲಿಸಬೇಡಿ. ಕಲಿಕೆ ಆರಂಭವಾಗುವುದೇ ಆಗ. ಕುರ್ಚಿಯ ಕಾಲುಗಳ ನಡುವೆ ನೆಲದ ಬೆಳಕು ಸಣ್ಣ ಚೌಕಗಳಾಗಿ ಒಡೆದಿರುವುದು ಇಪ್ಪತ್ತೆರಡನೆಯದರಲ್ಲಿ ಕಣ್ಣಿಗೆ ಬಿದ್ದೀತು. ಕುರ್ಚಿಯನ್ನೇ ಬಿಟ್ಟು ಗೋಡೆಯ ಮೇಲಿನ ಅದರ ನೆರಳನ್ನಷ್ಟೇ ಹಿಡಿಯಬಹುದೆಂದು ಮೂವತ್ತನೆಯದರಲ್ಲಿ ಹೊಳೆದೀತು.

ಅಮೆರಿಕದ ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆಗೆದ ವಲಸೆ ತಾಯಿಯ ಚಿತ್ರವನ್ನು ನೀವು ನೋಡಿರಬಹುದು. ಅದು ಒಂದೇ ಏಟಿಗೆ ಸಿಕ್ಕಿದ್ದಲ್ಲ. ಅದೇ ಸ್ಥಳದಲ್ಲಿ ಅವರು ಹಲವು ಚಿತ್ರ ತೆಗೆದಿದ್ದರು. ದೂರದ ಚಿತ್ರಗಳಲ್ಲಿ ಇಡೀ ಡೇರೆ ಇದೆ. ಹತ್ತಿರವಾದಂತೆ ಡೇರೆ ಕರಗುತ್ತದೆ, ಮಕ್ಕಳು ಮುಖ ತಿರುಗಿಸುತ್ತಾರೆ, ಕೊನೆಗೆ ತಾಯಿಯ ಮುಖವೂ ಕೆನ್ನೆಯ ಬಳಿಯ ಕೈಯೂ ಉಳಿಯುತ್ತವೆ. ಆ ಚಿತ್ರಗಳನ್ನು ಸಾಲಾಗಿ ಇಟ್ಟು ನೋಡುವುದೇ ಒಂದು ಪಾಠ.

ಎರಡನೆಯದು: ಅಂಚುಗಳ ಕಾವಲು

ಒಂದು ವಾರ ಪ್ರತಿ ಸಲ ಗುಂಡಿ ಒತ್ತುವ ಮೊದಲು ಕಣ್ಣನ್ನು ಚೌಕಟ್ಟಿನ ನಾಲ್ಕು ಅಂಚಿನ ಸುತ್ತ ಒಮ್ಮೆ ಓಡಿಸಿ. ಅರ್ಧ ಕತ್ತರಿಸಿದ ಪಾದ, ಮೂಲೆಯಲ್ಲಿ ಇಣುಕುವ ಕೊಂಬೆ, ತಲೆಯಿಂದ ಮೊಳೆತಂತೆ ನಿಂತ ಕಂಬ ಎಲ್ಲವೂ ಆಗ ಕಾಣುತ್ತವೆ. ಲ್ಯಾಂಗ್ ಅವರ ಅದೇ ಚಿತ್ರದ ಕೆಳಗಿನ ಬಲಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳಿತ್ತು. ಅದು ಅವರ ಕಣ್ಣಿಗೆ ಎಷ್ಟು ಚುಚ್ಚಿತೆಂದರೆ ಮುಂದೆ ನೆಗೆಟಿವ್‌ನಲ್ಲೇ ಅದನ್ನು ಅಳಿಸಿಸಿದರು. ಕ್ಯೂಬಾದ ಆಲ್ಬರ್ಟೊ ಕೋರ್ಡಾ 1960ರಲ್ಲಿ ತೆಗೆದ ಚೆ ಗುವಾರನ ಚಿತ್ರದ ಮೂಲದಲ್ಲಿ ಒಂದು ಬದಿಗೆ ಇನ್ನೊಬ್ಬನ ಮುಖ, ಇನ್ನೊಂದು ಬದಿಗೆ ತಾಳೆಯ ಗರಿ ಇವೆ. ಜಗತ್ತು ಕಂಡಿದ್ದು ಅವೆರಡನ್ನೂ ಕತ್ತರಿಸಿದ ಮೇಲಿನ ಮುಖವನ್ನು. ಕ್ರಾಪ್ ಮಾಡುವುದು ತಪ್ಪಲ್ಲ. ಆದರೆ ಕಲಿಯುವ ದಿನಗಳಲ್ಲಿ ಕತ್ತರಿಸಬೇಕಾದ್ದನ್ನು ತೆಗೆಯುವಾಗಲೇ ಕಾಣುವಂತಾಗಲಿ.

ಮೂರನೆಯದು: ಬೆಳಕು ಎಳೆಯುವ ಕಡೆ

ಕಣ್ಣು ಸಾಮಾನ್ಯವಾಗಿ ಹೆಚ್ಚು ಬೆಳಗಿರುವ ಕಡೆಗೆ, ಕಪ್ಪು ಬಿಳುಪು ಢಾಳಾಗಿ ಕೂಡುವ ಕಡೆಗೆ, ಮುಖದ ಕಡೆಗೆ, ಅಕ್ಷರಗಳ ಕಡೆಗೆ ಓಡುತ್ತದೆ. ನಿಮ್ಮ ಹತ್ತು ಚಿತ್ರಗಳನ್ನು ಕಪ್ಪುಬಿಳುಪು ಮಾಡಿ, ಅಂಚೆಚೀಟಿಯಷ್ಟು ಕುಗ್ಗಿಸಿ ನೋಡಿ. ಆ ಗಾತ್ರದಲ್ಲೂ ಮುಖ್ಯ ವಸ್ತು ಎದ್ದು ಕಂಡರೆ ಸರಿ. ಬೇರೆಯದೇ ಎದ್ದು ಕಂಡರೆ, ಅದೇ ನಿಮ್ಮ ಬಿಳಿ ಟವೆಲ್.

ತೋರಿಸುವುದು, ಕೇಳುವುದು

ಈಗ ಕಷ್ಟದ ಭಾಗ. ‘ಹೇಗಿದೆ?’ ಎಂದು ಕೇಳಿದರೆ ‘ಚೆನ್ನಾಗಿದೆ’ ಎಂಬ ಉತ್ತರ ಬರುತ್ತದೆ. ಪ್ರೀತಿಯಿಂದ ಬಂದ ಮಾತದು, ಆದರೆ ಅದನ್ನು ಹಿಡಿದು ಏನನ್ನೂ ಬದಲಿಸಲು ಆಗುವುದಿಲ್ಲ. ಆದ್ದರಿಂದ ಕೇಳುವ ರೀತಿಯನ್ನೇ ಬದಲಿಸಿ.

ತೋರಿಸುವ ಮುಂಚೆ, ಈ ಚಿತ್ರ ಏನನ್ನು ಹೇಳಬೇಕೆಂದು ಒಂದು ಸಾಲು ಬರೆದು ಮಡಚಿಡಿ. ನಾನು ಬರೆಯಬೇಕಾಗಿದ್ದದ್ದು ‘ದಾರ ಸೂಜಿಯ ಕಣ್ಣು ಸೇರುವ ಗಳಿಗೆ’ ಎಂದು. ಮೂರು ನಾಲ್ಕು ಜನ ಸಾಕು, ಅವರಲ್ಲಿ ಒಬ್ಬರಾದರೂ ಕ್ಯಾಮೆರಾ ಹಿಡಿಯದವರಾಗಿರಲಿ. ಫೋಟೊ ತೆಗೆದವರು ಮಾತಾಡಕೂಡದು. ಅವತ್ತು ಎಷ್ಟು ಬಿಸಿಲಿತ್ತು, ಜಾಗ ಎಷ್ಟು ಇಕ್ಕಟ್ಟಾಗಿತ್ತು ಎಂಬ ವಿವರಣೆ ಚಿತ್ರದ ಜೊತೆ ಹೋಗುವುದಿಲ್ಲ, ಚಿತ್ರ ಒಂಟಿಯಾಗಿಯೇ ಹೋಗುತ್ತದೆ. ಕೇಳಬೇಕಾದ್ದು ಮೂರು: ಮೊದಲು ಏನು ಕಾಣಿಸಿತು? ಅಲ್ಲಿಂದ ಕಣ್ಣು ಎಲ್ಲಿಗೆ ಹೋಯಿತು? ಒಂದೇ ಒಂದನ್ನು ತೆಗೆದುಹಾಕಬಹುದಾದರೆ ಯಾವುದನ್ನು ತೆಗೆಯುತ್ತೀರಿ?

ಅಭಿಪ್ರಾಯ ಹೇಳುವವರಿಗೂ ಒಂದು ಶಿಸ್ತು ಬೇಕು. ಚಿತ್ರದ ಒಂದು ಜಾಗವನ್ನು ಬೆರಳಿಟ್ಟು ತೋರಿಸಲಾಗದ ಮಾತನ್ನು ಆಡಬೇಡಿ. ‘ಫೀಲ್ ಇಲ್ಲ’ ಎಂದರೆ ತೆಗೆದವರಿಗೆ ಏನು ತಿಳಿಯಬೇಕು? ‘ಅವಳು ನೋಡುತ್ತಿರುವ ಕಡೆ ಜಾಗ ಕಡಿಮೆ, ಮುಖ ಅಂಚಿಗೆ ತಾಗುತ್ತಿದೆ’ ಎಂದರೆ ನಾಳೆ ಏನು ಮಾಡಬೇಕೆಂದು ತಿಳಿಯುತ್ತದೆ. ಮಾತು ಚಿತ್ರದ ಬಗ್ಗೆ ಇರಲಿ, ತೆಗೆದವರ ಬಗ್ಗೆ ಬೇಡ. ಚಿತ್ರದಲ್ಲಿ ಚೆನ್ನಾಗಿ ಕೂಡಿಬಂದಿರುವುದನ್ನೂ ಹೇಳಿ, ಅದೂ ಅಷ್ಟೇ ನಿಖರವಾಗಿ. ಯಾವುದನ್ನು ಬಿಡಬಾರದೆಂದು ಗೊತ್ತಾಗದವರು ಮುಂದಿನ ಸಲ ಒಳ್ಳೆಯದನ್ನೇ ಕಳೆದುಕೊಳ್ಳುತ್ತಾರೆ.

ಕೊನೆಗೆ ಮಡಚಿಟ್ಟ ಚೀಟಿ ಬಿಚ್ಚಿ. ನೀವು ಬರೆದದ್ದಕ್ಕೂ ಅವರು ಕಂಡದ್ದಕ್ಕೂ ಇರುವ ಅಂತರವೇ ಮುಂದಿನ ಕೆಲಸ. ಹೇಳಿದ್ದೆಲ್ಲವನ್ನೂ ಒಪ್ಪಬೇಕಿಲ್ಲ. ಇಬ್ಬರು ಬೇರೆ ಬೇರೆಯಾಗಿ ಒಂದೇ ಜಾಗಕ್ಕೆ ಬೆರಳಿಟ್ಟರೆ ಅಲ್ಲಿ ಏನೋ ಇದೆ ಎಂದು ನಾನು ಒಪ್ಪಿಕೊಳ್ಳುತ್ತೇನೆ, ಅವರು ಸೂಚಿಸಿದ ಪರಿಹಾರ ಒಪ್ಪಿಗೆಯಾಗದಿದ್ದರೂ. ಎಲ್ಲಿ ತೊಡಕಿದೆ ಎಂಬುದನ್ನು ನೋಡುವವರು ಚೆನ್ನಾಗಿ ಬಲ್ಲರು. ಅದನ್ನು ಹೇಗೆ ಬಿಡಿಸಬೇಕೆಂಬುದು ತೆಗೆದವರ ಪಾಲಿನದು.

ಮರಳಿ ಅದೇ ಜಾಗಕ್ಕೆ

ಮೂರು ನಾಲ್ಕು ದಿನದೊಳಗೆ, ಅದೇ ಹೊತ್ತಿನ ಬೆಳಕಿನಲ್ಲಿ ಮತ್ತೆ ಹೋಗಿ. ಒಂದನ್ನು ಮಾತ್ರ ಬದಲಿಸಿ: ನಿಲ್ಲುವ ಜಾಗ, ಎತ್ತರ, ದೂರ ಇವುಗಳಲ್ಲಿ ಯಾವುದಾದರೂ ಒಂದು. ಎಲ್ಲವನ್ನೂ ಒಮ್ಮೆಗೇ ಬದಲಿಸಿದರೆ ಚಿತ್ರ ಸುಧಾರಿಸಿದರೂ ಯಾವುದರಿಂದ ಸುಧಾರಿಸಿತೆಂದು ತಿಳಿಯುವುದಿಲ್ಲ. ಕೆಲವೊಮ್ಮೆ ಎರಡನೆಯದು ಮೊದಲಿನದಕ್ಕಿಂತ ಕೆಡುತ್ತದೆ. ಆಗಲೂ ಎರಡನ್ನೂ ಇಟ್ಟುಕೊಳ್ಳಿ.

ಓಡಿಹೋಗುವ ದೃಶ್ಯಗಳಿಗೆ, ಅಂದರೆ ಬೀದಿಯ ಜನ, ಆಡುವ ಮಕ್ಕಳಿಗೆ, ಇದು ಹೊಂದುವುದಿಲ್ಲ ಎಂದು ಕೆಲವರು ಹೇಳುತ್ತಾರೆ. ಅದೇ ವ್ಯಕ್ತಿ ಮತ್ತೆ ಸಿಗದಿರಬಹುದು. ಹಿನ್ನೆಲೆ ಅಲ್ಲೇ ಇರುತ್ತದೆ. ಅದನ್ನು ಮೊದಲು ಸರಿಯಾಗಿ ಕಟ್ಟಿಕೊಂಡು, ಯಾರಾದರೂ ಅದರೊಳಗೆ ಬರುವವರೆಗೆ ಕಾಯಬಹುದು.

ಎರಡೂ ಚಿತ್ರಗಳನ್ನು ಮುದ್ರಿಸಿ ಜೊತೆಯಾಗಿ ಅಂಟಿಸಿ, ಕೆಳಗೆ ಏನು ಬದಲಿಸಿದಿರಿ ಎಂದು ಬರೆಯಿರಿ. ನನ್ನ ಅಜ್ಜಿಯ ಜೋಡಿಯ ಕೆಳಗೆ ‘ಎರಡು ಹೆಜ್ಜೆ ಎಡಕ್ಕೆ’ ಎಂದಷ್ಟೇ ಇದೆ. ಇಂಥ ಹತ್ತು ಜೋಡಿ ಸೇರಿದ ಮೇಲೆ ಬರಹಗಳನ್ನು ಒಟ್ಟಿಗೆ ಓದಿ. ನನ್ನ ಹತ್ತರಲ್ಲಿ ಆರು ಹಿನ್ನೆಲೆಯ ಬಗ್ಗೆಯೇ ಇದ್ದವು. ಹಾಗಾಗಿ ಮುಂದಿನ ತಿಂಗಳು ಪೂರ್ತಿ ವಸ್ತುವನ್ನು ಬಿಟ್ಟು ಗೋಡೆ, ಬಾಗಿಲು, ನೆರಳುಗಳನ್ನಷ್ಟೇ ತೆಗೆದೆ.