ಎರಡನೇ ನಡೆಗೇ ಪಾನ್ ಬಿಟ್ಟುಕೊಟ್ಟವರ ಜೊತೆ ಮೂರು ತಿಂಗಳು

ಕಿಂಗ್ಸ್ ಗ್ಯಾಂಬಿಟ್ ಕಲಿಯಲು ಹೊರಟಿದ್ದು ಒಂದು ಸೋಲಿನ ಸಿಟ್ಟಿನಲ್ಲಿ. ಚೆಸ್‌ನಲ್ಲಿ ಬಿಳಿ ಎರಡನೇ ನಡೆಗೇ ಒಂದು ಪಾನ್ (ಕಾಲಾಳು) ಬಲಿಗಿಟ್ಟು ದಾಳಿಗೆ ಇಳಿಯುವ ಆರಂಭ ಅದು. ನಮ್ಮ ಎದುರು ಮನೆಯಲ್ಲಿ ಲೆಕ್ಕದ ಮೇಷ್ಟ್ರು ಇದ್ದಾರೆ. ಕೆಲಸದಿಂದ ನಿವೃತ್ತರು, ಚೆಸ್‌ನಿಂದ ಅಲ್ಲ. ಒಂದು ಭಾನುವಾರ ನಾನು ಬಿಳಿ. ರಾಜನ ಮುಂದಿನ ಪಾನ್ ದೂಡಿ ಇ4 ಆಡಿದೆ (ಅಕ್ಷರ ಉದ್ದ ಸಾಲಿಗೆ, ಅಂಕಿ ಬಿಳಿ ಕಡೆಯಿಂದ ಎಣಿಸಿದ ಅಡ್ಡ ಸಾಲಿಗೆ), ಅವರು ಇ5. ಸುಮ್ನೆ ಶೋಕಿಗೆ ಎಫ್4 ದೂಡಿದೆ. ಅವರು ಕನ್ನಡಕದ ಮೇಲಿಂದ ನೋಡಿ, "ಬಿಟ್ಟಿ ಸಿಕ್ಕಿದ್ದನ್ನ ಬೇಡ ಅನ್ನಬಾರದು ಕಣಯ್ಯ" ಅಂತ ಪಾನ್ ತೆಗೆದುಕೊಂಡರು. ನಾನು ಡಿ4 ಆಡಿದೆ. ಅವರ ರಾಣಿ ನೆಟ್ಟಗೆ ಎಚ್4ಗೆ ಬಂದು ಚೆಕ್ ಕೊಟ್ಟಿತು. ನನ್ನ ರಾಜ ಇ2ಗೆ ಹೋಗಿ ತನ್ನದೇ ರಾಣಿಯ ಮುಂದೆ ನಿಂತ. ಕಾಫಿ ಆರುವ ಮೊದಲೇ ಆಟ ಮುಗಿಯಿತು.

ಮೂರನೇ ನಡೆಗೆ ಕುದುರೆಯನ್ನು ಎಫ್3ಗೆ ತಂದಿದ್ದರೆ ಎಚ್4 ಮನೆಗೆ ಕಾವಲು ಸಿಗುತ್ತಿತ್ತು. ಅಷ್ಟೂ ಗೊತ್ತಿರಲಿಲ್ಲ ನನಗೆ. ಸರಿಯಾಗಿ ಕಲಿಯಬೇಕು ಅನ್ನಿಸಿತು. ಹುಡುಕುತ್ತಾ ಹೋದಾಗ ಸಿಕ್ಕಿದ್ದು ವಿಯೆನ್ನಾ, 1903.

ಆ ವರ್ಷ ವಿಯೆನ್ನಾದಲ್ಲಿ ಒಂದು ವಿಚಿತ್ರ ಪಂದ್ಯಾವಳಿ ನಡೆಯಿತು. ಹತ್ತು ಆಟಗಾರರು. ಪ್ರತಿ ಜೋಡಿಗೆ ಎರಡು ಆಟ, ಬಣ್ಣ ಬದಲಿಸಿ. ಒಟ್ಟು 90 ಆಟ, ಎಲ್ಲದರಲ್ಲೂ ಕಿಂಗ್ಸ್ ಗ್ಯಾಂಬಿಟ್ ಕಡ್ಡಾಯ. ಬಿಳಿಯವರು ಎಫ್4 ಆಡಲೇಬೇಕು, ಕಪ್ಪಿನವರು ಆ ಪಾನ್ ಹೊಡೆಯಲೇಬೇಕು. ಬೇಡ ಅನ್ನುವ ಹಾಗಿಲ್ಲ. ಬಂದವರೇನು ಸಾಮಾನ್ಯರಲ್ಲ: ರಷ್ಯಾದ ಚಿಗೋರಿನ್, ಅಮೆರಿಕದ ಪಿಲ್ಸ್‌ಬರಿ ಮತ್ತು ಮಾರ್ಷಲ್, ಹಂಗೇರಿಯ ಮರೋಟ್ಸಿ, ವಿಯೆನ್ನಾದವರೇ ಆದ ಮಾರ್ಕೊ ಮತ್ತು ಶ್ಲೆಖ್ಟರ್.

90 ಆಟ, ದಿನಕ್ಕೊಂದು ಅಂದರೆ ಮೂರು ತಿಂಗಳು. ಲೆಕ್ಕ ಸರಿಹೋಯಿತು, ನಾನು ಸರಿಹೋಗಲಿಲ್ಲ. ಮದುವೆ, ಜ್ವರ, ಆಫೀಸಿನ ತಿಂಗಳ ಕೊನೆ ಎಲ್ಲ ಕಳೆದು ಅರವತ್ತರಷ್ಟು ಆಟ ನೋಡಿ ಮುಗಿಸಿದೆ.

ನೋಡಿದ್ದು ಹೀಗೆ. ರಾತ್ರಿ ಊಟ ಆದಮೇಲೆ ಮರದ ಬೋರ್ಡು ಹಾಸುತ್ತಿದ್ದೆ. ಮೊಬೈಲಿನಲ್ಲಿ ಬೆರಳು ಒತ್ತಿ ನೋಡಿದರೆ ಹತ್ತು ನಿಮಿಷಕ್ಕೆ ಐದು ಆಟ ಮುಗಿಯುತ್ತದೆ, ಬೆಳಿಗ್ಗೆ ಒಂದೂ ನೆನಪಿರುವುದಿಲ್ಲ. ಹಾಗಾಗಿ ನಡೆಗಳನ್ನು ಪ್ರಿಂಟ್ ತೆಗೆದು, ಮೇಲೆ ಒಂದು ಹಾಳೆ ಮುಚ್ಚಿ, ಸಾಲು ಸಾಲಾಗಿ ಕೆಳಗೆ ಜರುಗಿಸುತ್ತಿದ್ದೆ. ಮುಂದಿನ ನಡೆ ಏನಿರಬಹುದು ಅಂತ ಊಹಿಸಿ ಬರೆದಿಟ್ಟು, ಆಮೇಲೆ ಹಾಳೆ ಸರಿಸುವುದು. ನಡೆಗಳಿಗೆ ಬೆಲೆ ಕಟ್ಟುವ ಕಂಪ್ಯೂಟರ್ ಎಂಜಿನ್ ಮುಟ್ಟಲಿಲ್ಲ. ಅದು ಎರಡನೇ ನಡೆಗೇ ಬಿಳಿ ಕಡೆಗೆ ಮೂಗು ಮುರಿಯುತ್ತದೆ. ಕಲಿಯುವ ಉತ್ಸಾಹವೇ ಹೋಗುತ್ತದೆ.

ಮೊದಲ ಎರಡು ವಾರ ಬರೀ ಬಿಳಿ ಕಡೆ ಕೂತೆ. ದಾಳಿ ಮಾಡುವವರ ಜಾಗ ಅಲ್ವಾ, ಖುಷಿ ಅಲ್ಲೇ. ಪಾನ್ ಕೊಟ್ಟು ಪಡೆಯುವುದೇನು ಅನ್ನುವುದು ನಿಧಾನಕ್ಕೆ ಕಣ್ಣಿಗೆ ಬಿತ್ತು. ಕಪ್ಪಿನ ಇ5 ಪಾನ್ ನಡುವಿನಿಂದ ಪಕ್ಕಕ್ಕೆ ಹೋಯಿತು, ನಮಗೆ ಡಿ4 ಸಲೀಸಾಯಿತು. ಕ್ಯಾಸ್ಲಿಂಗ್ (ಒಂದೇ ನಡೆಯಲ್ಲಿ ರಾಜ ಮೂಲೆ ಕಡೆ ಸರಿದು, ಆನೆ ಅವನ ಪಕ್ಕ ಬರುವುದು) ಆದಮೇಲೆ ನಮ್ಮ ಆನೆ ಎಫ್ ಸಾಲಿನಲ್ಲಿ ನಿಂತು ಎಫ್7 ಕಡೆ ನೋಡುತ್ತದೆ. ಕಪ್ಪು ಜಿ5 ಆಡಿ ತನ್ನ ಪಾನ್‌ಗೆ ಬೆಂಬಲ ಕೊಟ್ಟರೆ ಬಿಳಿ ಎಚ್4 ಅಂತ ಆ ಬುಡವನ್ನೇ ಅಲುಗಾಡಿಸುತ್ತದೆ. ಕಪ್ಪು ಜಿ4 ದೂಡಿದಾಗ ಎಫ್3 ಕುದುರೆ ಜಾಗ ಬಿಡಬೇಕು. ಇ5ಗೆ ಹೋದರೆ ಆ ದಾರಿಯ ಹೆಸರು ಕೀಸೆರಿಟ್ಸ್ಕಿ. ಜಿ5ಗೆ ಹೋದರೆ ಆಲ್ಗೈಯರ್. ಅಲ್ಲಿ ಕಪ್ಪು ಎಚ್6 ಆಡಿದರೆ ಕುದುರೆಗೆ ವಾಪಸ್ ದಾರಿಯಿಲ್ಲ. ಎಫ್7 ಹೊಡೆದು ಸಾಯಬೇಕು. ಧೈರ್ಯವೋ ಹುಚ್ಚೋ, ನನಗಂತೂ ಇವತ್ತಿಗೂ ಆಡಲು ಕೈ ನಡುಗುತ್ತದೆ.

ಮೂರನೇ ವಾರ ಬೇಸರ ಬಂತು. ನನ್ನ ಊಹೆಗಳೆಲ್ಲ ಒಂದೇ ಥರ: ಚೆಕ್ ಕೊಡು, ಹೊಡಿ, ಬಲಿ ಕೊಡು. ನೋಟ್‌ಬುಕ್‌ನಲ್ಲಿ ತಪ್ಪಿನ ಗುರುತುಗಳೇ ಜಾಸ್ತಿ. ಆಗ ಬೋರ್ಡು ತಿರುಗಿಸಿ ಕಪ್ಪು ಕಡೆ ಕೂತೆ. ನಿಜವಾದ ಪಾಠ ಶುರುವಾಗಿದ್ದು ಅಲ್ಲಿಂದ.

ಈ ಪಂದ್ಯಾವಳಿಯ ಹೂರಣ ಅಲ್ಲೇ ಇದೆ ಅಂತ ನನಗನ್ನಿಸುತ್ತದೆ. ಬಣ್ಣ ಬದಲಿಸಿ ಎರಡೆರಡು ಆಟ ಅಂದಮೇಲೆ ಗ್ಯಾಂಬಿಟ್ ಒಳ್ಳೆಯದಿರಲಿ ಕೆಟ್ಟದಿರಲಿ, ಎಲ್ಲರಿಗೂ ಸಮ. ಒಬ್ಬೊಬ್ಬರೂ ಒಂಬತ್ತು ಸಲ ಪಾನ್ ಕೊಡಬೇಕು, ಒಂಬತ್ತು ಸಲ ತಗೋಬೇಕು. ಬರೀ ದಾಳಿ ಬಲ್ಲವರು ಗೆಲ್ಲಲಾರರು. ಗೆದ್ದವರು ಚಿಗೋರಿನ್, 18ಕ್ಕೆ 13 ಅಂಕ. ಮಾರ್ಷಲ್ 11.5, ಮಾರ್ಕೊ 11, ಪಿಲ್ಸ್‌ಬರಿ 10. ಏಳು ವರ್ಷ ಕಳೆದು ವಿಶ್ವ ಚಾಂಪಿಯನ್ ಲಾಸ್ಕರ್ ಜೊತೆ ಪಂದ್ಯ ಸಮ ಮಾಡಿಕೊಂಡ ಶ್ಲೆಖ್ಟರ್ ಇಲ್ಲಿ ಮೊದಲ ನಾಲ್ಕರಲ್ಲೂ ಇಲ್ಲ.

ಚಿಗೋರಿನ್‌ಗೆ ಆಗ ವಯಸ್ಸು ಐವತ್ತು ದಾಟಿತ್ತು. ಈ ಗ್ಯಾಂಬಿಟ್‌ಗೂ ಅವರಿಗೂ ಒಂದು ಹಳೇ ನೋವಿನ ಲೆಕ್ಕ ಇತ್ತು. 1892ರಲ್ಲಿ ಹವಾನಾದಲ್ಲಿ ಆಗಿನ ವಿಶ್ವ ಚಾಂಪಿಯನ್ ಸ್ಟೈನಿಟ್ಸ್ ವಿರುದ್ಧ ವಿಶ್ವ ಪಟ್ಟದ ಪಂದ್ಯ. ಹತ್ತು ಗೆಲುವು ಮೊದಲು ಮುಟ್ಟಬೇಕು. 22 ಆಟ ಮುಗಿದಾಗ ಸ್ಟೈನಿಟ್ಸ್ 9, ಚಿಗೋರಿನ್ 8. 23ನೇ ಆಟಕ್ಕೆ ಚಿಗೋರಿನ್ ಎಫ್4 ಆಡಿದರು. ಒಂದು ಕಾಯಿ ಮುಂದೆ ಇದ್ದರು, ಗೆದ್ದರೆ 9-9. ಅವರ ಒಂಟೆ (ಬಿಷಪ್) ಡಿ6ರಲ್ಲಿ ನಿಂತು ಎಚ್2 ಕಾಯುತ್ತಿತ್ತು. 32ನೇ ನಡೆಗೆ ಅದನ್ನೇ ಬಿ4ಗೆ ಎತ್ತಿಟ್ಟರು. ಸ್ಟೈನಿಟ್ಸ್ ಅವರ ಆನೆ ಎಚ್2 ಹೊಡೆದು ಚೆಕ್, ಮುಂದಿನ ನಡೆಗೆ ಮೇಟ್. ಪಂದ್ಯವೇ ಮುಗಿಯಿತು. ಆ ಸ್ಥಿತಿಯನ್ನು ಬೋರ್ಡಿನ ಮೇಲೆ ಜೋಡಿಸಿಟ್ಟು ಒಂದು ಸಂಜೆ ಹಾಗೇ ಕೂತಿದ್ದೆ. ಮಗಳು ಬಂದು, "ಅಪ್ಪಾ, ಯಾರ ನಡೆ?" ಅಂದಳು. ಏನು ಹೇಳಲಿ?

ಹನ್ನೊಂದು ವರ್ಷ ಆದಮೇಲೆ ಅದೇ ಗ್ಯಾಂಬಿಟ್‌ನ ಪಂದ್ಯಾವಳಿ ಗೆದ್ದರು. ಅಷ್ಟೇ ಅಲ್ಲ, ಅದೇ 1903ರಲ್ಲಿ ಇಂಗ್ಲೆಂಡಿನ ಬ್ರೈಟನ್‌ನಲ್ಲಿ ಲಾಸ್ಕರ್ ಜೊತೆ ಆರು ಆಟ ಆಡಿದರು. ಇದರ ಹಿಂದೆ ಐಸಾಕ್ ರೈಸ್ ಅನ್ನುವ ಅಮೆರಿಕದ ಶ್ರೀಮಂತರಿದ್ದರು. ಜಲಾಂತರ್ಗಾಮಿ ಕಟ್ಟುವ ಎಲೆಕ್ಟ್ರಿಕ್ ಬೋಟ್ ಕಂಪನಿ ಶುರುಮಾಡಿದವರು. ಕೀಸೆರಿಟ್ಸ್ಕಿಯ ಒಂದು ದಾರಿಯಲ್ಲಿ ಇ5 ಕುದುರೆಯನ್ನು ಹಾಗೇ ಬಿಟ್ಟು ಬಿಳಿ ಕ್ಯಾಸ್ಲಿಂಗ್ ಮಾಡುವ ನಡೆಗೆ ತಮ್ಮ ಹೆಸರಿಟ್ಟು, ಅದನ್ನು ದೊಡ್ಡವರಿಂದ ಆಡಿಸಲು ಧಾರಾಳವಾಗಿ ದುಡ್ಡು ಸುರಿದರು. ದುಡ್ಡಿದ್ದವರ ಹುಚ್ಚು ಎಷ್ಟು ಚೆಂದ ಅಲ್ವಾ! ಆರೂ ಆಟದಲ್ಲಿ ಲಾಸ್ಕರ್ ಬಿಳಿ, ಚಿಗೋರಿನ್ ಕಪ್ಪು. ಚಿಗೋರಿನ್ ಎರಡು ಗೆದ್ದು, ಒಂದು ಸೋತು, ಮೂರು ಡ್ರಾ ಮಾಡಿಕೊಂಡರು. ಗ್ಯಾಂಬಿಟ್ ಪ್ರೇಮಿ ಅಂತ ಹೆಸರಾದವರು ಪಾನ್ ತಗೊಂಡ ಕಡೆ ಕೂತು ವಿಶ್ವ ಚಾಂಪಿಯನ್‌ನ ಸೋಲಿಸಿದ್ದು. ಇದು ಗೊತ್ತಾದಮೇಲೆ ನನಗೆ ಕಪ್ಪು ಕಡೆ ಕೂರುವ ನಾಚಿಕೆ ಹೋಯಿತು.

ಕಪ್ಪಿನಲ್ಲಿ ನಾನು ಕಲಿತಿದ್ದು ಮುಖ್ಯವಾಗಿ ಒಂದೇ, ತಗೊಂಡ ಪಾನ್ ಯಾವಾಗ ವಾಪಸ್ ಕೊಡಬೇಕು ಅನ್ನುವುದು. ಮೊದಮೊದಲು ಎಫ್4 ಪಾನ್ ಉಳಿಸಿಕೊಳ್ಳಲು ಒದ್ದಾಡುತ್ತಿದ್ದೆ. ಅಷ್ಟರಲ್ಲಿ ಬಿಳಿಯ ಕುದುರೆ, ಒಂಟೆ, ಆನೆ ಎಲ್ಲ ಹೊರಗೆ ಬಂದಿರುತ್ತಿದ್ದವು. ನನ್ನವು ಇನ್ನೂ ಮನೆಯಲ್ಲೇ. ಈಗ ಮೂರನೇ ನಡೆಗೇ ಡಿ5 ಆಡುತ್ತೇನೆ. ಬಿಳಿ ಅದನ್ನು ಹೊಡೆದರೆ ಕುದುರೆಯನ್ನು ಎಫ್6ಗೆ ತರುವುದು. ಪಾನ್ ಹೋದರೆ ಹೋಗಲಿ, ಕಾಯಿಗಳಿಗೆ ದಾರಿ ಸಿಕ್ಕಿತಲ್ಲ.

ಕೊನೆಗೆ ನಾವೂ ಒಂದು ಪಂದ್ಯಾವಳಿ ಮಾಡಿದೆವು. ಮೇಷ್ಟ್ರು, ನಾನು, ಬೀದಿಯ ಇನ್ನಿಬ್ಬರು. ವಿಯೆನ್ನಾದ್ದೇ ನಿಯಮ, ಪ್ರತಿ ಜೋಡಿಗೆ ಎರಡು ಆಟ, ಒಟ್ಟು 12. ಜಾಗ ಮೇಷ್ಟ್ರ ಜಗುಲಿ, ಬಹುಮಾನ ಒಂದು ಕಿಲೋ ಕಾಫಿ ಪುಡಿ. ನಿಯಮ ಕೇಳಿ ಒಬ್ಬರು, "ತಗೊಳ್ಳಲೇಬೇಕು ಅಂದ್ರೆ ಅದು ಗ್ಯಾಂಬಿಟ್ ಹೇಗಾಯ್ತು, ದಂಡ ಅಲ್ವಾ?" ಅಂದರು. ಮಾತು ಸರಿ. ಆದರೆ ಆ ನಿಯಮ ಇಲ್ಲದಿದ್ದರೆ ನಾಲ್ವರೂ ಪಾನ್ ಮುಟ್ಟದೆ ಡಿ6 ಆಡಿ ಹಾಯಾಗಿರುತ್ತಿದ್ದೆವು.

ಕಪ್ಪು ಆರು ಗೆದ್ದಿತು, ಬಿಳಿ ಐದು, ಒಂದು ಡ್ರಾ. ನಾನು ಎರಡನೆಯವನು. ನನ್ನ ಮೂರು ಗೆಲುವಿನಲ್ಲಿ ಎರಡು ಕಪ್ಪಿನಲ್ಲಿ ಬಂದವು. ಕಾಫಿ ಪುಡಿ ಮೇಷ್ಟ್ರಿಗೇ ಹೋಯಿತು. ನನ್ನ ಮೇಲಿನ ಆಟದಲ್ಲಿ ಅವರು ಆಲ್ಗೈಯರ್ ಆಡಿಬಿಟ್ಟರು, ಎಫ್7 ಮೇಲೆ ಕುದುರೆ ಇಟ್ಟು ನಕ್ಕರು. ಯಾವಾಗ ಓದಿಕೊಂಡಿದ್ದರೋ.

1912ರಲ್ಲಿ ಅಬ್ಬಾಜಿಯಾದಲ್ಲಿ, ಅಂದರೆ ಈಗಿನ ಕ್ರೊಯೇಷಿಯಾದ ಒಪಾಟಿಯಾದಲ್ಲಿ, ಇಂಥದ್ದೇ ಇನ್ನೊಂದು ಪಂದ್ಯಾವಳಿ ನಡೆದಿದೆ. 12 ಆಟಗಾರರು, ಗೆದ್ದವರು ಸ್ಪೀಲ್ಮನ್. ಅದರ ಆಟಗಳನ್ನೂ ಪ್ರಿಂಟ್ ತೆಗೆದಿಟ್ಟಿದ್ದೇನೆ. ಮೇಷ್ಟ್ರಿಗೆ ತೋರಿಸಿದೆ. "ಇವೆಷ್ಟು ಆಟ?" ಅಂದರು. 132 ಅಂದೆ.

"ಅರ್ಧ ಇಲ್ಲಿಟ್ಟು ಹೋಗು" ಅಂದರು.