ತಿಂಗಳಲ್ಲಿ ಮೂರು ಸ್ಪರ್ ಗೇರ್ ಹೋದವು, ತಪ್ಪು ಇದ್ದದ್ದು ಸ್ಕ್ರೂನಲ್ಲಿ

ನನ್ನದು 1/10 ಸ್ಕೇಲಿನ ಎಲೆಕ್ಟ್ರಿಕ್ ರಿಮೋಟ್ ಕಂಟ್ರೋಲ್ ಬಗ್ಗಿ ಕಾರು, ಹಿಂದಿನ ಚಕ್ರಗಳಿಗೆ ಮಾತ್ರ ಡ್ರೈವ್. 540 ಸೈಜಿನ 3300 ಕೆವಿ (ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು) ಬ್ರಷ್‌ಲೆಸ್ ಮೋಟರ್, ಎರಡು ಸೆಲ್ ಲಿಪೋ ಬ್ಯಾಟರಿ. ಹೊಸ ಮೋಟರ್ ಕೂರಿಸಿದ ತಿಂಗಳಲ್ಲೇ ಮೂರು ಸ್ಪರ್ ಗೇರ್ (ಮೋಟರ್ ಶಾಫ್ಟಿನ ಪಿನಿಯನ್ ಎಂಬ ಸಣ್ಣ ಗೇರ್ ತಿರುಗಿಸುವ ದೊಡ್ಡ ಗೇರ್) ಹಲ್ಲು ಉದುರಿಸಿಕೊಂಡವು. ಮೊದಲು ಗೇರ್ ಕಳಪೆ ಅಂದುಕೊಂಡೆ, ಆಮೇಲೆ ಮೆಶ್, ಅಂದರೆ ಎರಡು ಗೇರ್‌ಗಳ ಹಲ್ಲು ಕೂಡುವ ಬಿಗಿ, ಸರಿಯಾಗಿಲ್ಲ ಅಂತ ಪ್ರತಿ ಸಲ ಇನ್ನೂ ಹುಷಾರಾಗಿ ಸೆಟ್ ಮಾಡಿದೆ, ಆದರೂ ಒಂದು ಬ್ಯಾಟರಿ ಓಡಿಸುವಷ್ಟರಲ್ಲಿ ಮತ್ತೆ ಅದೇ ಕರಕರ ಸದ್ದು.

ಮೂರನೆಯ ಸಲ ಬಿಚ್ಚುವ ಮುಂಚೆ ಮೋಟರನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿದೆ. ಸ್ಕ್ರೂ ಬಿಗಿಯಾಗೇ ಇತ್ತು, ಮೋಟರ್ ಮಾತ್ರ ಕೂದಲೆಳೆಯಷ್ಟು ಜರುಗುತ್ತಿತ್ತು!

ವರ್ನಿಯರ್ ಹಿಡಿದು ಅಳೆದಾಗ ಕಾರಣ ಗೊತ್ತಾಯಿತು. ಮೋಟರ್ ಕೂರುವ ಮೌಂಟ್ ಪ್ಲೇಟ್ 3 ಮಿ.ಮೀ., ವಾಷರ್ ಅರ್ಧ ಮಿ.ಮೀ. ನಾನು ಹಾಕಿದ್ದು 10 ಮಿ.ಮೀ. ಉದ್ದದ ಎಂ3 (3 ಮಿ.ಮೀ. ದಪ್ಪದ) ಸ್ಕ್ರೂ. ಅಂದರೆ ಮೋಟರ್ ಒಳಗೆ 6.5 ಮಿ.ಮೀ. ಹೋಗಬೇಕು. ಟೂತ್‌ಪಿಕ್ ಇಳಿಸಿ ನೋಡಿದರೆ ತೂತಿನ ಆಳ ಬರೀ 5 ಮಿ.ಮೀ. ಸ್ಕ್ರೂ ತಳಕ್ಕೆ ತಾಗಿ ನಿಂತುಬಿಡುತ್ತಿತ್ತು, ಕೈಗೆ ಬಿಗಿ ಅನಿಸುತ್ತಿತ್ತು, ಆದರೆ ಪ್ಲೇಟನ್ನು ಒತ್ತಿ ಹಿಡಿಯುತ್ತಲೇ ಇರಲಿಲ್ಲ. ಹಾಗಾಗಿ ಓಡುವಾಗ ಮೋಟರ್ ಜರುಗಿ ಮೆಶ್ ಕೆಡುತ್ತಿತ್ತು. ಕೆಲವು ಮೋಟರ್‌ಗಳಲ್ಲಿ ತೂತು ಒಳಗೆ ತೆರೆದೇ ಇರುತ್ತದೆ, ಅಲ್ಲಿ ಉದ್ದದ ಸ್ಕ್ರೂ ಹೋಗಿ ವೈಂಡಿಂಗಿಗೆ (ಒಳಗಿನ ತಂತಿ ಸುರುಳಿಗೆ) ತಾಗಿದರೆ ಮೋಟರೇ ಶಾರ್ಟ್. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ 8 ಮಿ.ಮೀ. ಸ್ಕ್ರೂ ತಂದು ಹಾಕಿದೆ, ಈಗ 4.5 ಮಿ.ಮೀ. ಒಳಗೆ ಹೋಗುತ್ತದೆ, ಮೋಟರ್ ಕದಲುವುದಿಲ್ಲ.

ಮೆಶ್‌ಗೆ ನಾನು ಮಾಡುವುದು ಇಷ್ಟೇ. ನೋಟ್‌ಬುಕ್ ಹಾಳೆಯ ತೆಳು ಪಟ್ಟಿಯನ್ನು ಪಿನಿಯನ್ ಮತ್ತು ಸ್ಪರ್ ನಡುವೆ ಇಟ್ಟು, ಮೋಟರ್ ಒತ್ತಿ ಹಿಡಿದು ಸ್ಕ್ರೂ ಬಿಗಿ ಮಾಡಿ, ಗೇರ್ ತಿರುಗಿಸಿ ಪಟ್ಟಿ ಹೊರಗೆ ತೆಗೆಯುತ್ತೇನೆ. ಆಮೇಲೆ ಪಿನಿಯನ್ ಹಿಡಿದುಕೊಂಡು ಸ್ಪರ್ ಅಲ್ಲಾಡಿಸಿದರೆ ಚೂರೇ ಚೂರು ಟಿಕ್ ಅನ್ನಬೇಕು. ಒಂದು ಕಡೆ ನೋಡಿ ಸುಮ್ನೆ ಬಿಡಬೇಡಿ. ಪ್ಲಾಸ್ಟಿಕ್ ಸ್ಪರ್ ಪೂರ್ತಿ ದುಂಡಗಿರುವುದು ಕಡಿಮೆ. ನಾಲ್ಕೈದು ಜಾಗದಲ್ಲಿ ನೋಡಿ, ಎಲ್ಲಿ ಅತಿ ಬಿಗಿ ಇದೆಯೋ ಅಲ್ಲಿಗೆ ಹೊಂದಿಸಿ. ಹಾಂ, ಪಿನಿಯನ್ನಿನ ಗ್ರಬ್ ಸ್ಕ್ರೂ (ತಲೆಯಿಲ್ಲದ ಸಣ್ಣ ಸ್ಕ್ರೂ) ಶಾಫ್ಟಿನ ಚಪ್ಪಟೆ ಭಾಗದ ಮೇಲೇ ಕೂರಬೇಕು.

ಇನ್ನು ರೇಷಿಯೋ, ಅಂದರೆ ಚಕ್ರ ಒಂದು ಸುತ್ತು ತಿರುಗಲು ಮೋಟರ್ ಎಷ್ಟು ಸುತ್ತು ತಿರುಗಬೇಕು ಅನ್ನುವುದು. ಸ್ಪರ್ 87 ಹಲ್ಲು, ಪಿನಿಯನ್ 20, ಗೇರ್‌ಬಾಕ್ಸ್ ಒಳಗಿನದು 2.6. 87ನ್ನು 20ರಿಂದ ಭಾಗಿಸಿ 2.6ರಿಂದ ಗುಣಿಸಿದರೆ 11.31. ಮೊದಲು 23ರ ಪಿನಿಯನ್ ಹಾಕಿದ್ದೆ, ಅದು 9.83. ವೇಗ ಜಾಸ್ತಿ, ನಿಜ. ಆದರೆ ನಾನು ಓಡಿಸುವುದು ಸಡಿಲ ಕೆಂಪು ಮಣ್ಣಿನ ಮೈದಾನದಲ್ಲಿ. ಐದು ನಿಮಿಷಕ್ಕೆ ಮೋಟರ್ 84 ಡಿಗ್ರಿ ತೋರಿಸಿತು, ನಾನು 70 ದಾಟಲು ಬಿಡುವುದಿಲ್ಲ. 20ರಲ್ಲಿ 63ಕ್ಕೆ ನಿಲ್ಲುತ್ತಿದೆ. ಮೋಟರ್ ಬದಲಿಸಿದಾಗ ಸಣ್ಣ ಪಿನಿಯನ್ನಿನಿಂದ ಶುರು ಮಾಡಿ, ಶಾಖ ಅಳೆಯುತ್ತಾ ಒಂದೊಂದೇ ಹಲ್ಲು ಏರಿಸಿ.

ಲೋಹಕ್ಕೆ ಲೋಹ ಸೇರುವ ಸ್ಕ್ರೂಗಳಿಗೆಲ್ಲ ನೀಲಿ ಥ್ರೆಡ್‌ಲಾಕ್ (ಸ್ಕ್ರೂ ಸಡಿಲವಾಗದಂತೆ ಹಿಡಿಯುವ ಅಂಟು) ಒಂದು ಹನಿ ಹಾಕುತ್ತೇನೆ. ಎಣ್ಣೆ ಪಸೆ ಒರೆಸಿಯೇ ಹಾಕಬೇಕು, ಇಲ್ಲದಿದ್ದರೆ ಹಿಡಿಯುವುದಿಲ್ಲ. ಪ್ಲಾಸ್ಟಿಕ್‌ಗೆ ಮಾತ್ರ ತಾಗಿಸಬೇಡಿ, ಕೆಲವು ಪ್ಲಾಸ್ಟಿಕ್ ಅದರಿಂದ ಬಿರುಕು ಬಿಡುತ್ತವೆ.