ದಂಡಿನೊಡನೆ ನಡೆದ ವ್ಯಾಪಾರಿ ಹೆಂಗಸರ ಕುರಿತು ಶಾಲಾ ಪ್ರದರ್ಶನ ಸಿದ್ಧಪಡಿಸುವ ಬಗೆ

ಮಂಗಳೂರಿನ ಶಾಲೆಯೊಂದರ ಇತಿಹಾಸ ಪ್ರದರ್ಶನದಲ್ಲಿ ಕತ್ತಿ, ಫಿರಂಗಿಗಳ ಚಿತ್ರಗಳೇ ಗೋಡೆ ತುಂಬಿದ್ದನ್ನು ಕಂಡು ಬೇಸರವಾಯಿತು. ಸೈನಿಕನ ಹಸಿವು ನೀಗಿದ ಹೆಂಗಸರಿಗೂ ಒಂದು ಮೇಜು ಸಲ್ಲಬೇಕು.

ಮೊದಲು ಮಕ್ಕಳನ್ನು ಬೋಳೂರಿನ ಸುಲ್ತಾನ್ ಬತ್ತೇರಿಗೆ, ಅಂದರೆ ಟಿಪ್ಪುವಿನ ಕಾಲದ ಕಾವಲು ಬುರುಜಿಗೆ, ಕರೆದೊಯ್ದು, ಕಾವಲಿನವರಿಗೆ ಅಕ್ಕಿ, ಉಪ್ಪು ಎಲ್ಲಿಂದ ಬಂದಿರಬಹುದೆಂದು ಕೇಳಿ. ಪ್ರಶ್ನೆ ಮನಸ್ಸಿಗೆ ನಾಟಿದ ಮೇಲೆ, 1791ರಲ್ಲಿ ಟಿಪ್ಪುವಿನ ವಿರುದ್ಧ ಶ್ರೀರಂಗಪಟ್ಟಣದತ್ತ ಸಾಗಿದ ಬ್ರಿಟಿಷ್ ಸೇನಾಪತಿ ಕಾರ್ನ್‌ವಾಲಿಸನ ಸೈನ್ಯಕ್ಕೆ ಎತ್ತುಗಳ ಮೇಲೆ ಧಾನ್ಯ ಹೇರಿಕೊಂಡು ಬಂದ ಬಂಜಾರರ ವಿಷಯ ಹೇಳಿ. ಅವರ ತಾಂಡಾಗಳಲ್ಲಿ ಹೆಂಗಸರು, ಮಕ್ಕಳು ಜೊತೆಯಲ್ಲೇ ಸಾಗುತ್ತಿದ್ದರು.

ಮೇಜಿನ ನಡುವೆ ಫ್ರೆಂಚ್ ವಿವಾಂದಿಯೇರಳ, ಅಂದರೆ ದಂಡಿನೊಡನೆ ನಡೆದು ಸೈನಿಕರಿಗೆ ತಿಂಡಿ, ಮದ್ಯ ಮಾರುತ್ತಿದ್ದ ಹೆಂಗಸಿನ, ಪೀಪಾಯಿಯ ಮಾದರಿ ಇರಲಿ. 1793ರ ಕಾಯಿದೆ ಸೈನ್ಯದಿಂದ ಹೆಂಗಸರನ್ನು ಹೊರಹಾಕಿದಾಗಲೂ ಬಟ್ಟೆ ಒಗೆಯುವವರನ್ನೂ ಇವರನ್ನೂ ಉಳಿಸಿಕೊಂಡಿತು ಎಂಬುದನ್ನು ಚೀಟಿಯಲ್ಲಿ ದಪ್ಪಕ್ಷರದಲ್ಲಿ ಬರೆಯಿರಿ. ಸಣ್ಣ ಡಬ್ಬಿಯೊಂದಕ್ಕೆ ರಟ್ಟಿನ ಪಟ್ಟಿಗಳನ್ನು ಉದ್ದುದ್ದಕ್ಕೆ ಅಂಟಿಸಿ, ಎರಡೂ ತುದಿಗೆ ಬಳೆಯಂತೆ ಪಟ್ಟಿ ಸುತ್ತಿ, ನೀಲಿ, ಬಿಳಿ, ಕೆಂಪು ಬಣ್ಣ ಬಳಿಯಿರಿ. ಹೆಗಲಿನಿಂದ ಸೊಂಟಕ್ಕೆ ಇಳಿಬಿಡುವ ಪಟ್ಟಿ ಅಗಲವಾಗಿರಬೇಕು, ಏಕೆಂದರೆ ಬ್ರಾಂದಿ ತುಂಬಿದ ಪೀಪಾಯಿ ಹೊತ್ತು ದಿನವಿಡೀ ನಡೆಯುವವಳಿಗೆ ಸಪೂರ ದಾರ ಭುಜಕ್ಕೆ ಕೊರೆಯುತ್ತದೆ. ಪಕ್ಕದಲ್ಲಿ ತಗಡಿನ ಲೋಟ, ತಂಬಾಕಿನ ಪೊಟ್ಟಣದ ಮಾದರಿ ಇಡಿ.

ಜಮೈಕಾದ ಮೇರಿ ಸೀಕೋಲ್ 1855ರಲ್ಲಿ, ಕ್ರಿಮಿಯಾ ಯುದ್ಧದ ವೇಳೆ, ಅಲ್ಲಿನ ಬಾಲಾಕ್ಲಾವಾ ಬಳಿ ತೆರೆದ ಅಂಗಡಿಗೆ ಭೂಪಟದಲ್ಲಿ ಗುರುತು ಹಾಕಿ. ಆಕೆ ಸರಕು ಮಾರುತ್ತಲೇ ಗಾಯಾಳುಗಳ ಆರೈಕೆಯನ್ನೂ ಮಾಡಿದಳು.

ವಿವರಿಸುವ ಮಕ್ಕಳಿಗೆ ಒಂದು ಮಾತು ತಪ್ಪದೆ ತಿಳಿಸಿ: ಇವರನ್ನು ಹಗುರವಾಗಿ ಚಿತ್ರಿಸಬಾರದು. ಫ್ರೆಂಚ್ ಪಡೆಗಳಲ್ಲಿ ಇವರು ಅಧಿಕೃತ ಪರವಾನಗಿ ಪಡೆದವರು, ಹೆಚ್ಚಿನವರು ಸೈನಿಕರ ಹೆಂಡಂದಿರು. ಪೀಪಾಯಿಯನ್ನು ಗಾಜಿನೊಳಗಿಡದೆ, ನೋಡಲು ಬಂದ ಮಕ್ಕಳ ಹೆಗಲಿಗೂ ಹಾಕಿಸಿ.